ಬುಲೆಟ್ ಟ್ರೈನ್ ಸ್ಪೀಡು ಇರ್ಲಿ, ಸ್ಟೇಷನ್‌ಗೆ ಹೋಗೋದು ಹೆಂಗೆ? ಕಾರವಾರ, ಕುಮಟಾ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಂದೇ ಭಾರತ್ ಕಾರವಾರದಲ್ಲಿ ನಿಲ್ಲೋಕೆ ಶುರುವಾದ ಮೇಲೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಸ್ಪೀಡ್‌ದೇ ಮಾತು. ಎಷ್ಟು ಓಡತ್ತೆ, ಬುಲೆಟ್ ಟ್ರೈನ್ ಬಂದ್ರೆ ಎಷ್ಟು ಹೊತ್ತಲ್ಲಿ ಹೋಗ್ಬಹುದು, ಮುಂಬೈಗೆ ಎಷ್ಟು, ಬೆಂಗಳೂರಿಗೆ ಎಷ್ಟು. ಸ್ಟೇಷನ್ ತಂಕ ಹೋಗೋಕೆ ಎಷ್ಟು ಹೊತ್ತು ಅಂತ ಮಾತ್ರ ಯಾರೂ ಕೇಳಲ್ಲ, ನನ್ನ ತಲೆ ಕೊರೀತಾ ಇರೋದು ಅದೇ. ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡೋ ಬದ್ಲು ಒಂದೇ ಕಡೆ ಬರೆದು ಹಾಕಿದೀನಿ.

ವಂದೇ ಭಾರತ್ ಹೈಸ್ಪೀಡ್ ರೈಲಾ?

ಅಲ್ಲ ಮಾರಾಯ್ರೇ. ಹೊಸದಾಗಿ ಹಾಕಿದ ಹಳಿ ಮೇಲೆ ಗಂಟೆಗೆ 250 ಕಿಮೀ ಓಡ್ಬೇಕು, ಹಳೇ ಹಳಿ ಸುಧಾರಿಸಿದ್ದಾದ್ರೆ 200, ಪ್ರಪಂಚದಲ್ಲಿ ಸಾಮಾನ್ಯವಾಗಿ ಹೈಸ್ಪೀಡ್ ಅನ್ನೋದು ಅದಕ್ಕೆ. ವಂದೇ ಭಾರತ್ ಗಾಡಿ 180ರವರೆಗೆ ಓಡೋ ಹಂಗೆ ಮಾಡಿದ್ದು ಹೌದು, ಆದ್ರೆ ದೇಶದ ಕೆಲವೇ ಕೆಲವು ತುಂಡುಗಳಲ್ಲಿ 160 ಮುಟ್ಟತ್ತೆ. ನಮ್ಮ ಕೊಂಕಣ ರೈಲ್ವೆ ಹಳಿ ಮೇಲೆ 120 ಅಂದ್ರೆ ಅದೇ ಜಾಸ್ತಿ. ನಮ್ಮ ಗಾಡಿ ಓಡೋ ಮಂಗಳೂರು, ಗೋವಾದ ಮಡಗಾಂವ್ ನಡುವೆ ಸುಮಾರು 320 ಕಿಮೀ, ನಾಲ್ಕೂವರೆ ಗಂಟೆ ಚಿಲ್ಲರೆ ಬೇಕು, ಸರಾಸರಿ ತೆಗೆದ್ರೆ ಗಂಟೆಗೆ 70ರ ಆಸುಪಾಸು ಬರತ್ತೆ. ಒಳ್ಳೆ ಗಾಡಿ, ಏಸಿ ಇದೆ, ಬಾಗಿಲು ತಾನಾಗೇ ಮುಚ್ಚತ್ತೆ, ಅಷ್ಟೇ.

ಹಂಗಾದ್ರೆ ನಿಜವಾದ ಬುಲೆಟ್ ಟ್ರೈನ್ ನಮ್ಮ ಕರಾವಳಿಗೆ ಬರತ್ತಾ?

ದೇಶದಲ್ಲಿ ಈಗ ಕಟ್ತಾ ಇರೋದು ಮುಂಬೈ ಅಹಮದಾಬಾದ್ ಒಂದೇ. 508 ಕಿಮೀ, 12 ಸ್ಟೇಷನ್, 320 ಕಿಮೀ ಸ್ಪೀಡು, 2017ರ ಸೆಪ್ಟೆಂಬರಲ್ಲಿ ಶಂಕುಸ್ಥಾಪನೆ ಆಗಿದ್ದು. ಕರ್ನಾಟಕದ ಮಟ್ಟಿಗೆ ಚೆನ್ನೈ ಬೆಂಗಳೂರು ಮೈಸೂರು ಮಾರ್ಗದ ಹೆಸರು ಪಟ್ಟಿಯಲ್ಲಿ ಬಂದಿತ್ತು. ಉತ್ತರ ಕನ್ನಡ ಆ ಪಟ್ಟಿಯಲ್ಲಿ ಇರ್ಲಿಲ್ಲ. ಮತ್ತೆ ಎಂತಕ್ಕೆ ಇಷ್ಟುದ್ದ ಬರೀತೀರಿ ಅಂತ ಕೇಳಿದ್ರೆ, ಸ್ಟೇಷನ್ ಎಲ್ಲಿ, ಎಷ್ಟು ಕಡೆ ನಿಲ್ಬೇಕು, ಬಸ್ಸು ಹೊಂದತ್ತಾ ಇಲ್ವಾ ಅನ್ನೋ ತಾಪತ್ರಯ ಬುಲೆಟ್ ಟ್ರೈನಿಗೆ ಹೆಂಗೋ ವಂದೇ ಭಾರತಿಗೂ ಹಂಗೇ. ನಾಳೆ ಏನಾದ್ರೂ ಬಂದ್ರೂ ಇದೇ ಲೆಕ್ಕ.

ಪ್ರಯಾಣದ ಟೈಮ್ ಅಂದ್ರೆ ಟಿಕೆಟಲ್ಲಿ ಬರೆದಿದ್ದೇ ಅಲ್ವಾ?

ಟಿಕೆಟಲ್ಲಿ ಇರೋದು ರೈಲಿನ ಟೈಮು, ನಿಮ್ಮ ಟೈಮಲ್ಲ. ನಿಮ್ಮದು ಶುರು ಆಗೋದು ಮನೆ ಚಪ್ಪಲಿ ಮೆಟ್ಟಿದಲ್ಲಿಂದ. ರೋಡಿಗೆ ಬರೋದು, ಟೆಂಪೋಗೋ ಬಸ್ಸಿಗೋ ಕಾಯೋದು, ಪೇಟೆಗೆ ಹೋಗೋದು, ಅಲ್ಲಿಂದ ರಿಕ್ಷಾ, ಸ್ಟೇಷನ್‌ನಲ್ಲಿ ಮೆಟ್ಟಿಲು ಹತ್ತಿ ಇಳಿದು ಇನ್ನೊಂದು ಪ್ಲಾಟ್‌ಫಾರ್ಮ್‌ಗೆ ಹೋಗೋದು, ರೈಲು ಲೇಟಾದ್ರೆ ಅದೂ ಸೇರ್ತು, ಆಮೇಲೆ ರೈಲಿನ ಒಳಗೆ ಕೂತ ಹೊತ್ತು, ಇಳಿದ ಮೇಲೆ ಮತ್ತೆ ಇದೇ ಕತೆ ಉಲ್ಟಾ. ಇಷ್ಟೂ ಕೂಡಿಸಿದ್ರೆ ಬರೋದು ಮನೆ ಬಾಗಿಲಿಂದ ಹೋಗ್ಬೇಕಾದ ಜಾಗದ ಬಾಗಿಲ ತಂಕದ ಲೆಕ್ಕ, ಯೋಜನೆ ಮಾಡೋರು ನೋಡ್ಬೇಕಾಗಿದ್ದು ಅದನ್ನೇ.

ಇನ್ನೊಂದು ಸಂಗತಿ ಇದೆ. ಎಲ್ಲಾ ನಿಮಿಷನೂ ಒಂದೇ ತೂಕ ಅಲ್ಲ. ಸಾರಿಗೆ ಲೆಕ್ಕ ಹಾಕೋರು ಕಾಯೋ ಹೊತ್ತು, ನಡೆಯೋ ಹೊತ್ತನ್ನ ಗಾಡಿಯಲ್ಲಿ ಕೂತ ಹೊತ್ತಿನ ಸುಮಾರು ಎರಡು ಪಟ್ಟು ಅಂತ ಹಿಡೀತಾರೆ, ಯಾಕಂದ್ರೆ ಮನುಷ್ಯನಿಗೆ ಹಂಗೇ ಅನ್ಸೋದು. ಹತ್ತು ನಿಮಿಷ ಸೀಟಲ್ಲಿ ಕೂತು ಕಿಟಕಿ ನೋಡೋದಕ್ಕೂ ಜುಲೈ ತಿಂಗಳಲ್ಲಿ ಛತ್ರಿ ಹಿಡ್ಕೊಂಡು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮಗು, ಬಸ್ಸು ಬರತ್ತೋ ಇಲ್ವೋ ಗೊತ್ತಿಲ್ದೆ ನಿಲ್ಲೋದಕ್ಕೂ ಇರೋ ವ್ಯತ್ಯಾಸ ಯಾರಿಗೂ ಹೇಳಿಕೊಡ್ಬೇಕಾಗಿಲ್ಲ.

ಒಂದು ಲೆಕ್ಕ ಹಾಕಿ ತೋರ್ಸಿ ನೋಡುವ?

ಆಗ್ಲಿ. ಕುಮಟಾದವರು ಮಣಿಪಾಲದ ಆಸ್ಪತ್ರೆಗೆ ಹೋಗ್ಬೇಕು ಅಂತ ಇಟ್ಕೊಳ್ಳಿ, ನಮ್ಮ ಜಿಲ್ಲೆಯವರ ದೂರದ ಪ್ರಯಾಣದಲ್ಲಿ ಅರ್ಧ ಅದಕ್ಕೇ ತಾನೇ. ಕರಾವಳಿ ಉದ್ದಕ್ಕೂ ಬುಲೆಟ್ ಟ್ರೈನ್ ಬಂದಿದೆ, ಜಿಲ್ಲೆಗೆ ಕಾರವಾರದಲ್ಲೊಂದೇ ಸ್ಟೇಷನ್ ಅಂತ ಕಲ್ಪನೆ ಮಾಡ್ಕೊಳ್ಳಿ. ಕುಮಟಾದಿಂದ ಕಾರವಾರ ಸುಮಾರು 70 ಕಿಮೀ ಉತ್ತರಕ್ಕೆ, ಬಸ್ಸಲ್ಲಿ ಒಂದೂಮುಕ್ಕಾಲು ಗಂಟೆ. ಪೇಟೆಯಿಂದ ಸ್ಟೇಷನ್‌ಗೆ ಇಪ್ಪತ್ತು ನಿಮಿಷ, ಅಲ್ಲಿ ಕಾಯೋಕೆ ಇನ್ನೊಂದು ಇಪ್ಪತ್ತು. ಕಾರವಾರ ಉಡುಪಿ 190 ಕಿಮೀ ಅಂದ್ಕೊಳ್ಳಿ, ಸರಾಸರಿ 200ರಲ್ಲಿ ಓಡಿದ್ರೂ 57 ನಿಮಿಷ. ಉಡುಪಿ ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ, ಮಣಿಪಾಲದ ದಾರಿಯಲ್ಲೇ, ಹಾಗಾಗಿ ಕಡೇ ತುಂಡಿಗೆ ಒಂದು ಕಾಲು ಗಂಟೆ ಸಾಕು. ಒಟ್ಟು 3 ಗಂಟೆ 37 ನಿಮಿಷ.

ಅದೇ ಕುಮಟಾದಿಂದ ಈಗ ಇರೋ ಸಾದಾ ಎಕ್ಸ್‌ಪ್ರೆಸ್ ಹತ್ತಿದ್ರೆ ಉಡುಪಿಗೆ ಎರಡು, ಎರಡೂವರೆ ಗಂಟೆ. ಅಂದ್ರೆ ಬುಲೆಟ್ ಟ್ರೈನು ಸೋತ್ಹೋಯ್ತು! ಅದೂ ಉಲ್ಟಾ ದಿಕ್ಕಿಗೆ ಎಪ್ಪತ್ತು ಕಿಮೀ ಹೋಗಿ ಅಲ್ಲಿಂದ ರೈಲು ಹತ್ತಿ, ಮತ್ತೆ ಕುಮಟಾ ಮೇಲೇ ಹಾದು ಹೋಗೋದು, ಕಿಟಕಿಯಿಂದ ನಿಮ್ಮನೆ ತೋಟ ಕಂಡ್ರೂ ಕಾಣ್ಬಹುದು. ಇದೇ ಲೆಕ್ಕ ಕಾರವಾರ ಪೇಟೆಯವರಿಗೆ ಹಾಕಿದ್ರೆ ಎರಡು ಗಂಟೆ ಒಳಗೇ ಆಸ್ಪತ್ರೆ ಬಾಗ್ಲಲ್ಲಿ ಇರ್ತಾರೆ. ಜಿಲ್ಲೆ ಒಂದೇ, ರೈಲೂ ಒಂದೇ, ಒಬ್ಬರಿಗೆ ಲಾಭ ಇನ್ನೊಬ್ಬರಿಗೆ ತೋರಿಕೆ.

ಇನ್ನೂ ಸ್ಪೀಡ್ ಜಾಸ್ತಿ ಮಾಡಿದ್ರೆ ಸರಿ ಆಗಲ್ವಾ?

ನೂರು ಕಿಲೋಮೀಟರ್‌ಗೆ ಲೆಕ್ಕ ನೋಡಿ. 50ರ ಸ್ಪೀಡಲ್ಲಿ ಎರಡು ಗಂಟೆ. 100 ಮಾಡಿದ್ರೆ ಒಂದು ಗಂಟೆ ಉಳೀತು. 200 ಮಾಡಿದ್ರೆ ಇನ್ನೊಂದು ಅರ್ಧ ಗಂಟೆ. 300ಕ್ಕೆ ಏರ್ಸಿದ್ರೆ ಬರೀ ಹತ್ತು ನಿಮಿಷ, 350ಕ್ಕೆ ಹೋದ್ರೆ ಮೂರು ನಿಮಿಷದಷ್ಟು. ದುಡ್ಡು ಮಾತ್ರ ಮೇಲೆ ಮೇಲೆ ಹೋಗ್ತಾ ಇರತ್ತೆ. ಹೊನ್ನಾವರದ ಶರಾವತಿ ಸೇತುವೆ ಗೊತ್ತಲ್ಲ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು, ಎರಡು ಕಿಮೀ ಮೇಲೆ, ಅದನ್ನ 100ರ ಸ್ಪೀಡಲ್ಲಿ ದಾಟೋಕೆ ಒಂದೂಕಾಲು ನಿಮಿಷ, 320ರಲ್ಲಿ 23 ಸೆಕೆಂಡು. ಉಳಿದಿದ್ದು ಒಂದು ನಿಮಿಷಕ್ಕಿಂತ ಕಮ್ಮಿ. ಸ್ಟೇಷನ್ ಹೊರಗೆ ರಿಕ್ಷಾದವರ ಹತ್ರ ರೇಟ್ ಮಾತಾಡೋಕೆ ಅದಕ್ಕಿಂತ ಜಾಸ್ತಿ ಬೇಕು.

ದೂರ ಜಾಸ್ತಿ ಇದ್ದಾಗ ಮಾತ್ರ ಕತೆ ಬೇರೆ. ಮ್ಯಾಡ್ರಿಡ್ ಬಾರ್ಸಿಲೋನಾ 620 ಕಿಮೀ ಎರಡೂವರೆ ಗಂಟೆಗೆ, ಬೀಜಿಂಗ್ ಶಾಂಘೈ 1318 ಕಿಮೀ ನಾಲ್ಕೂಕಾಲು ಗಂಟೆ ಚಿಲ್ಲರೆಗೆ, ಅಲ್ಲಿ ಸ್ಟೇಷನ್‌ಗೆ ಹೋಗೋಕೆ ಒಂದು ತಾಸು ಹಿಡಿದ್ರೂ ವಿಮಾನಕ್ಕೆ ಸರಿಸಾಟಿ ಆಗತ್ತೆ. ನಮ್ಮ ನೂರು ಇನ್ನೂರು ಕಿಮೀ ಪ್ರಯಾಣಕ್ಕೆ ಅದು ಹೊಂದಲ್ಲ.

ಸ್ಟೇಷನ್ ಊರ ಹೊರಗೇ ಯಾಕೆ ಕಟ್ತಾರೆ?

ಕಾರವಾರ ಸ್ಟೇಷನ್ ಶಿರವಾಡದಲ್ಲಿದೆ, ಪೇಟೆಯಿಂದ ಆರೋ ಎಂಟೋ ಕಿಮೀ, ನಿಮ್ಮನೆ ಎಲ್ಲಿ ಅನ್ನೋದ್ರ ಮೇಲೆ. ಗೋಕರ್ಣ ರೋಡ್ ಅಂತ ಬೋರ್ಡ್ ಇರೋ ಸ್ಟೇಷನ್‌ನಲ್ಲಿ ಇಳಿದು ಸಮುದ್ರ ಎಲ್ಲಿ ಅಂತ ಹುಡುಕೋ ಬೆಂಗಳೂರಿನ ಹುಡುಗ್ರನ್ನ ನೀವೂ ನೋಡಿರ್ಬಹುದು, ಅಲ್ಲಿಂದ ಗೋಕರ್ಣ ಇನ್ನೂ ಹತ್ತು ಕಿಮೀ ಇದೆ. ಕಾರಣ ಏನಂದ್ರೆ ರೈಲಿಗೆ ರಿಕ್ಷಾ ಹಂಗೆ ತಿರುಗೋಕೆ ಬರಲ್ಲ. ಕೊಂಕಣ ರೈಲ್ವೆ ಕಟ್ಟುವಾಗಲೇ ತಿರುವಿನ ತ್ರಿಜ್ಯ 1250 ಮೀಟರ್‌ಗಿಂತ ಕಮ್ಮಿ ಇರ್ಬಾರ್ದು ಅಂತ ಇಟ್ಟಿದ್ರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಚೂರು ಜಾಗದಲ್ಲಿ ಹೈವೇ, ಮನೆ, ಗದ್ದೆ. ಊರು ಒಡೆಯೋದು ಬೇಡ ಅಂತ ಗುಡ್ಡದ ಬುಡಕ್ಕೆ ಸರಿದ್ರು. ಮುಂಬೈ ಅಹಮದಾಬಾದ್ ಮಾರ್ಗದಲ್ಲಿ ತ್ರಿಜ್ಯ 6000 ಮೀಟರ್ ಆಸುಪಾಸು ಬೇಕು. ಅಷ್ಟು ನೇರ ಹಳಿ ನಮ್ಮ ಕರಾವಳಿಯಲ್ಲಿ ಹಾಕ್ತೀವಿ ಅಂದ್ರೆ ಅರ್ಧ ಸುರಂಗ ಅರ್ಧ ಸೇತುವೆ, ಸ್ಟೇಷನ್ ಇನ್ನೂ ಒಳಗೆ ಹೋಗತ್ತೆ. ಊರ ನಡುವೆನೇ ಬೇಕು ಅಂದ್ರೆ ನೆಲದ ಅಡಿ ಕಟ್ಬೇಕು, ಮುಂಬೈಯ ಬಿಕೆಸಿ ಸ್ಟೇಷನ್ ಹಂಗೆ. ಬುಲೆಟ್ ಟ್ರೈನಿನ ಹನ್ನೆರಡು ಸ್ಟೇಷನ್‌ನಲ್ಲಿ ಅದೊಂದೇ ನೆಲದಡಿ ಇರೋದು, ಖರ್ಚು ಎಷ್ಟು ಅಂತ ಊಹೆ ಮಾಡ್ಬಹುದು.

ಬೇರೆ ದೇಶದಲ್ಲಿ ಊರ ಹೊರಗಿನ ಸ್ಟೇಷನ್ ಹೆಂಗೆ ನಡೀತಾ ಇದೆ?

ಫ್ರಾನ್ಸಲ್ಲಿ ಓತ್-ಪಿಕಾರ್ಡಿ ಅಂತ ಒಂದು ಸ್ಟೇಷನ್ ಇದೆ, 1994ರದ್ದು. ಆಮಿಯಾಂ, ಸಾಂ-ಕಾಂತಾಂ ಅಂತ ಎರಡು ಊರು, ಇಬ್ಬರಿಗೂ ಆಗ್ಲಿ ಅಂತ ನಡುಮಧ್ಯೆ ಗದ್ದೆಯಲ್ಲಿ ಕಟ್ಟಿದ್ರು, ಮಾಮೂಲಿ ರೈಲಿನ ಹಳಿ ಕೂಡ ಅಲ್ಲಿಗೆ ಬರಲ್ಲ. ಜನ ಅದಕ್ಕೆ ಬೀಟ್‌ರೂಟ್ ಸ್ಟೇಷನ್ ಅಂತ ಹೆಸರಿಟ್ಟು ನಕ್ಕಿದ್ರು, ಸುತ್ತ ಸಕ್ಕರೆ ಬೀಟ್ ಬೆಳೆ ಬಿಟ್ರೆ ಏನಿಲ್ಲ. ಅಂಕೋಲಾದವರಿಗೂ ಯಲ್ಲಾಪುರದವರಿಗೂ ಆಗ್ಲಿ ಅಂತ ಅರಬೈಲ್ ಘಟ್ಟದ ನಡುವೆ ಸ್ಟೇಷನ್ ಕಟ್ಟಿದ್ರೆ ಹೆಂಗಿರತ್ತೆ, ಹಂಗೆ.

ಫ್ರಾನ್ಸಿಂದೇ ಅವಿಞೋನ್ ಅನ್ನೋ ಊರಲ್ಲಿ ಟಿಜಿವಿ, ಅಂದ್ರೆ ಅಲ್ಲಿನ ಹೈಸ್ಪೀಡ್ ರೈಲಿನ ಸ್ಟೇಷನ್ 2001ರಲ್ಲಿ ಊರ ಹೊರಗೆ ಶುರು ಆಯ್ತು, ಪೇಟೆ ಸ್ಟೇಷನ್‌ಗೆ ಸೇರ್ಸೋ ಸಣ್ಣ ರೈಲು ಬಂದಿದ್ದು 2013ರಲ್ಲಿ. ತೈವಾನಿನ ತೈನಾನಲ್ಲೂ ಅದೇ ಕತೆ, ಹೈಸ್ಪೀಡ್ 2007ಕ್ಕೆ ಬಂತು, ಪೇಟೆಗೆ ಕೂಡೋ ಹಳಿ 2011ಕ್ಕೆ. ಅವರಾದ್ರೂ ತಡ ಮಾಡಿ ಹಾಕಿದ್ರು. ಕೊಂಕಣ ರೈಲ್ವೆ 1998ರ ಜನವರಿಯಿಂದ ಪೂರ್ತಿ ಓಡ್ತಾ ಇದೆ, ಶಿರವಾಡಕ್ಕೆ ಇವತ್ತಿಗೂ ರೈಲಿನ ಟೈಮಿಗೆ ಕಟ್ಟಿಟ್ಟ ಬಸ್ಸು ಅನ್ನೋ ನಂಬಿಕೆ ಬರಲ್ಲ.

ಜಪಾನಿನ ಶಿನ್-ಒಸಾಕಾ ಬೇರೆ ಪಾಠ ಹೇಳತ್ತೆ. 1964ರಲ್ಲಿ ಅದನ್ನೂ ಹಳೇ ಒಸಾಕಾ ಸ್ಟೇಷನ್‌ನಿಂದ ನಾಲ್ಕು ಕಿಮೀ ದೂರ ನದಿ ಆಚೆ ಕಟ್ಟಿದ್ರು, ಆದ್ರೆ ಇಳಿದ ತಕ್ಷಣ ಅದೇ ಕಟ್ಟಡದಲ್ಲಿ ಲೋಕಲ್ ರೈಲು, ಮೆಟ್ರೋ ಎರಡೂ ಸಿಗತ್ತೆ, ಐದ್ಹತ್ತು ನಿಮಿಷಕ್ಕೊಂದು. ಹಾಗಾಗಿ ಆ ನಾಲ್ಕು ಕಿಮೀ ಯಾರಿಗೂ ಭಾರ ಅನ್ಸಲ್ಲ.

ಕುಮಟಾ, ಹೊನ್ನಾವರ, ಭಟ್ಕಳ, ಅಂಕೋಲಾ ಎಲ್ಲಾ ಕಡೆ ಸ್ಟಾಪ್ ಕೊಟ್ರೆ ಮುಗೀತಲ್ವಾ?

ಎಲ್ಲಾ ಕಡೆ ಕೊಟ್ರೆ ಅದು ಲೋಕಲ್ ಆಗತ್ತೆ. ಮುಂಬೈ ಅಹಮದಾಬಾದ್ ಯೋಜನೆಯಲ್ಲೇ ಕೆಲವೇ ಕಡೆ ನಿಲ್ಲೋ ಗಾಡಿಗೆ 2 ಗಂಟೆ 7 ನಿಮಿಷ, ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲೋದಕ್ಕೆ 2 ಗಂಟೆ 58 ನಿಮಿಷ ಅಂತ ಲೆಕ್ಕ ಇಟ್ಟಿದ್ದಾರೆ. 51 ನಿಮಿಷ ಬರೀ ನಿಲ್ಲೋದ್ರಲ್ಲಿ ಹೋಯ್ತು, ಯಾಕಂದ್ರೆ ಸ್ಪೀಡ್ ಇಳ್ಸೋಕೆ ಏರ್ಸೋಕೆ ಕಿಲೋಮೀಟರ್‌ಗಟ್ಲೆ ಬೇಕು. ಜಪಾನಲ್ಲಿ ಅದಕ್ಕೇ ನೊಜೊಮಿ, ಹಿಕಾರಿ, ಕೊದಾಮ ಅಂತ ಮೂರು ತರ ಗಾಡಿ ಒಂದೇ ಹಳಿ ಮೇಲೆ, ಒಂದು ದೊಡ್ಡ ಊರಲ್ಲಿ ಮಾತ್ರ ನಿಲ್ಲತ್ತೆ, ಒಂದು ಎಲ್ಲಾ ಕಡೆ. ಆದ್ರೆ ಅಲ್ಲಿ ಎರಡು ಹಳಿ, ಗಂಟೆಗೆ ಹತ್ತಾರು ಗಾಡಿ. ನಮ್ಮಲ್ಲಿ ಮಹಾರಾಷ್ಟ್ರದ ರೋಹಾ ವೀರ್ ನಡುವಿನ ತುಂಡು ಬಿಟ್ರೆ ಕೊಂಕಣ ರೈಲ್ವೆ ಹೆಚ್ಚುಕಮ್ಮಿ ಪೂರ್ತಿ ಒಂಟಿ ಹಳಿ, ಎದುರು ಗಾಡಿಗೆ ದಾರಿ ಬಿಡೋಕೆ ಹೆಂಗೂ ಎಲ್ಲೋ ನಿಲ್ಲಲೇಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ ಈಗಿನ ವಂದೇ ಭಾರತ್ ವಿಷಯದಲ್ಲಿ ಈ ವಾದ ಅಷ್ಟು ಗಟ್ಟಿ ಅಲ್ಲ. 70ರ ಸರಾಸರಿಯಲ್ಲಿ ಹೋಗೋ ಗಾಡಿಗೆ ಕಾರವಾರ ಉಡುಪಿ ನಡುವೆ ಇನ್ನೊಂದು ಸ್ಟಾಪ್ ಕೊಟ್ರೆ ಐದಾರು ನಿಮಿಷ ಹೋಗ್ಬಹುದು, ಬದ್ಲಿಗೆ ನಾಲ್ಕು ತಾಲೂಕಿನ ಜನಕ್ಕೆ ದಾರಿ ಆಗತ್ತೆ. ಎಲ್ಲಾ ನಾಲ್ಕೂ ಊರಲ್ಲಿ ಬೇಡ, ಒಂದು ಕಡೆ ಕೊಡಿ, ಅಲ್ಲಿಗೆ ಬಸ್ಸು ಕೂಡ್ಸಿ. ಯಾವ ಊರು ಅನ್ನೋ ಜಗಳಕ್ಕೆ ನಾನು ಬರಲ್ಲ.

ಕಾರವಾರದವರು ವಂದೇ ಭಾರತಲ್ಲಿ ಬೆಳಿಗ್ಗೆ ಹೋಗಿ ಉಡುಪಿಯಲ್ಲಿ ಡಾಕ್ಟ್ರಿಗೆ ತೋರ್ಸಿ ಸಂಜೆ ಬರ್ಬಹುದಾ?

ಬರಲ್ಲ, ಗಾಡಿ ದಿಕ್ಕು ಉಲ್ಟಾ ಇದೆ. ಬೆಳಿಗ್ಗೆ ಮಂಗಳೂರಿಂದ ಹೊರಟು ಗೋವಾಕ್ಕೆ, ಸಂಜೆ ಗೋವಾದಿಂದ ಹೊರಟು ರಾತ್ರಿ ಮಂಗಳೂರಿಗೆ. ಅಂದ್ರೆ ಉಡುಪಿಯವರು ಗೋವಾ ನೋಡ್ಕೊಂಡು ಬರೋಕೆ ಲಾಯಕ್ಕು, ನಮ್ಮವರಿಗೆ ಸಂಜೆ ಹೊರಟು ರಾತ್ರಿ ಊರಲ್ಲದ ಊರಲ್ಲಿ ರೂಮು ಹುಡುಕೋ ಕೆಲಸ. ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೂಗ್ತಾ ಇದಾರೆ, ಅದಾಗೋವರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ ಇದ್ದೇ ಇದೆ. ಸ್ಟೇಷನ್ ಹತ್ರ ಇದೆ, ರೈಲು ನಿಲ್ಲತ್ತೆ, ಆದ್ರೂ ಕೆಲಸಕ್ಕೆ ಬಾರದ ಟೈಮು ಅಂದ್ರೆ ಸ್ಟೇಷನ್ ಇದ್ದೂ ಇಲ್ಲದ ಲೆಕ್ಕ. ಬೆಳಿಗ್ಗೆ ಹೋಗೋಕೆ ಬೇರೆ ಎಕ್ಸ್‌ಪ್ರೆಸ್ ನೋಡ್ಕೊಳ್ಳೋದೇ ಸೈ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರ ಕತೆ ಏನು?

ಶಿರಸಿಗೆ ರೈಲೇ ಇಲ್ಲ, ಹೈಸ್ಪೀಡ್ ದೂರದ ಮಾತು. ಹತ್ತಿರದ್ದು ಅಂದ್ರೆ ಸಿದ್ದಾಪುರ ದಾಟಿ ತಾಳಗುಪ್ಪ, ಇಲ್ಲ ದೇವಿಮನೆ ಘಟ್ಟ ಇಳಿದು ಕುಮಟಾ, ಇಲ್ಲ ಹಾವೇರಿ, ಇಲ್ಲ ಹುಬ್ಬಳ್ಳಿ. ಐವತ್ತರಿಂದ ನೂರು ಕಿಮೀ ಒಳಗೆ ನಾಲ್ಕು ದಿಕ್ಕಿಗೆ ನಾಲ್ಕು ಸ್ಟೇಷನ್, ಒಂದೂ ಕೈಗೆ ಸಿಗಲ್ಲ. ಹುಬ್ಬಳ್ಳಿ ಅಂಕೋಲಾ ರೈಲು ಮಾರ್ಗ ತೊಂಬತ್ತರ ದಶಕದಿಂದ ನೇತಾಡ್ತಾ ಇದೆ, ಕಾಡು ಹೋಗತ್ತೆ ಅನ್ನೋರದ್ದೂ ಸುಳ್ಳಲ್ಲ, ಬಂದರು ಬೆಳೀಬೇಕು ಅನ್ನೋರದ್ದೂ ಸುಳ್ಳಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎರಡು ಗಂಟೆಯ ಬುಲೆಟ್ ಟ್ರೈನ್ ಬಂತು ಅಂತ್ಲೇ ಇಟ್ಕೊಳ್ಳಿ. ಶಿರಸಿಯಿಂದ ಹುಬ್ಬಳ್ಳಿಗೆ ಎರಡೂವರೆ ಗಂಟೆ, ಕಾಯೋದು ಅರ್ಧ ಗಂಟೆ, ಬೆಂಗಳೂರಲ್ಲಿ ಇಳಿದು ಮನೆ ಮುಟ್ಟೋಕೆ ಒಂದೂವರೆ. ಆರೂವರೆ ಗಂಟೆ, ಮೂರು ಸಲ ಗಾಡಿ ಬದ್ಲು. ರಾತ್ರಿ ಶಿರಸಿಯಲ್ಲಿ ಊಟ ಮಾಡಿ ಸ್ಲೀಪರ್ ಬಸ್ ಹತ್ತಿ ಮಲಗಿದ್ರೆ ಬೆಳಿಗ್ಗೆ ಬೆಂಗಳೂರು. ಹೊತ್ತು ಜಾಸ್ತಿ ಹೌದು, ಆದ್ರೆ ಅದು ಹೆಂಗೂ ಮಲಗೋ ಹೊತ್ತು. ಇದೇ ಕಾರಣಕ್ಕೆ ಕಾರವಾರದವರಿಗೂ ಬೆಂಗಳೂರಿಗೆ ಪಂಚಗಂಗಾ ರಾತ್ರಿ ರೈಲು ಹಿಡ್ಸಿರೋದು.

ಮಳೆಗಾಲದಲ್ಲಿ?

ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿನೇ ಇದೆ, ಜೂನಿಂದ ಅಕ್ಟೋಬರ್ ತಂಕ ಗಾಡಿ ನಿಧಾನ, ಜೋರು ಮಳೆಗೆ ಮುಂದೆ ಕಾಣದೇ ಇದ್ರೆ 40ರಲ್ಲಿ ಓಡ್ಸಿ ಅಂತ ಸೂಚನೆ. ಇದಕ್ಕೆ ನನ್ನ ತಕರಾರಿಲ್ಲ, ಜೀವ ಮುಖ್ಯ. ಆದ್ರೆ ಸ್ಟೇಷನ್‌ಗೆ ಹೋಗೋ ರಸ್ತೆ ಲೆಕ್ಕ ಯಾರೂ ಹಿಡಿಯಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಎಷ್ಟೋ ದಿನ ಬಂದ್ ಆಗಿತ್ತು, ಆಗಸ್ಟ್ 7ರ ನಸುಕಿಗೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದೇ ದೊಡ್ಡ ಸ್ಟೇಷನ್, ಅಲ್ಲಿಗೆ ಒಂದೇ ರಸ್ತೆ ಅಂತ ಇಟ್ರೆ ಇಂಥ ದಿನ ರೈಲು ಓಡ್ತಾ ಇದ್ರೂ ಹತ್ತೋಕೆ ಜನ ಬರೋಕಾಗಲ್ಲ. ಸಣ್ಣ ಸಣ್ಣ ಸ್ಟೇಷನ್ ಉಳ್ಸ್ಕೊಳ್ಳೋದಕ್ಕೆ ಇದೂ ಒಂದು ಕಾರಣ.

ವಯಸ್ಸಾದವರು, ಗಾಲಿಕುರ್ಚಿಯವರು ಹೆಂಗೆ?

ಇಲ್ಲಿ ಬುಲೆಟ್ ಟ್ರೈನ್ ನಿಜಕ್ಕೂ ವಾಸಿ. ಅದರ ಪ್ಲಾಟ್‌ಫಾರ್ಮು, ಬೋಗಿಯ ನೆಲ ಒಂದೇ ಮಟ್ಟ, ಗಾಲಿಕುರ್ಚಿ ಸೀದಾ ಒಳಗೆ ಹೋಗತ್ತೆ. ನಮ್ಮ ಮಾಮೂಲಿ ರೈಲಲ್ಲಿ ಎತ್ತರದ ಪ್ಲಾಟ್‌ಫಾರ್ಮ್ ಅಂದ್ರೂ ಹಳಿಯಿಂದ 760ರಿಂದ 840 ಮಿಲಿಮೀಟರ್, ಬೋಗಿ ನೆಲ ಅದಕ್ಕಿಂತ ಇನ್ನೂ ಒಂದೂವರೆ ಅಡಿ ಮೇಲೆ. ತಗ್ಗಿನ ಪ್ಲಾಟ್‌ಫಾರ್ಮ್ ಆದ್ರೆ ದೇವರೇ ಗತಿ. ವಂದೇ ಭಾರತಲ್ಲಿ ಬಾಗಿಲ ಹತ್ರ ಹೊರಗೆ ಚಾಚೋ ಮೆಟ್ಟಿಲಿದೆ, ತುದಿ ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗ, ಅದಕ್ಕೆ ಹೊಂದೋ ಶೌಚಾಲಯ ಇದೆ.

ನಮ್ಮ ದೊಡ್ಡಾಯಿಗೆ ಮೊಣಕಾಲು ನೋವು. ಅವಳಿಗೆ ರೈಲು ಹತ್ತೋದು ಕಷ್ಟ ಅಲ್ಲ, ಇಬ್ಬರು ಹಿಡ್ಕೊಂಡು ಹತ್ತಿಸ್ತೀವಿ. ಮೇಲ್ಸೇತುವೆ ಮೆಟ್ಟಿಲೇ ಕಷ್ಟ. ಎರಡನೇ ಪ್ಲಾಟ್‌ಫಾರ್ಮ್‌ಗೆ ಗಾಡಿ ಅಂತ ಮೈಕಲ್ಲಿ ಹೇಳಿದ ಕೂಡ್ಲೇ ಅವಳ ಮುಖ ಬಾಡತ್ತೆ, ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡ್ದು ನಿಂತು "ನೀವು ಹೋಗಿ, ನಾ ಬತ್ತೆ" ಅಂತಾಳೆ. ಹತ್ತಿ ಇಳಿಯೋ ಹೊತ್ತಿಗೆ ಬೇರೆಯವರು ಚಹಾ ಕುಡ್ದು ಮುಗ್ಸಿರ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸ್ಟೇಷನ್‌ಗಳು ಎಲ್ಲರೂ ಬಳ್ಸೋ ಹಂಗೆ ಇರ್ಬೇಕು, ಹಾಗಾಗಿ ಲಿಫ್ಟು, ರ‍್ಯಾಂಪು ಕೇಳೋದು ಭಿಕ್ಷೆ ಅಲ್ಲ. ಹೊರಡೋ ಮುಂಚೆ ಯಾವ ಪ್ಲಾಟ್‌ಫಾರ್ಮ್ ಅಂತ ಕೇಳಿಟ್ಕೊಳ್ಳಿ, ಸ್ಟೇಷನ್ ಮಾಸ್ಟರಿಗೆ ಮುಂಚೇನೇ ಹೇಳಿ ಗಾಲಿಕುರ್ಚಿ ಕೇಳಿ.

ಎಷ್ಟು ಮುಂಚೆ ಸ್ಟೇಷನ್‌ನಲ್ಲಿ ಇರ್ಬೇಕು?

ಶಿರವಾಡಕ್ಕಾದ್ರೆ ಅರ್ಧ ಗಂಟೆ ಇಟ್ಕೊಳ್ಳಿ. ವಂದೇ ಭಾರತ್ ನಿಲ್ಲೋದು ಒಂದೆರಡು ನಿಮಿಷ, ಬಾಗಿಲು ಮುಚ್ಚಿದ್ರೆ ಮುಚ್ಚಿದ್ದೇ, ಓಡಿ ಬಂದು ಹಾರಿ ಹತ್ತೋ ಹಳೇ ಚಾಳಿ ನಡಿಯಲ್ಲ. ಬ್ಯಾಗ್ ಇಡೋಕೆ ಅಂತ ಒಳಗೆ ಹೋದ ಭಾವನೋ ಮಾವನೋ ಮುಂದಿನ ಸ್ಟೇಷನ್ ತಂಕ ಹೋಗ್ಬೇಕಾಗತ್ತೆ. ಚೀನಾದಲ್ಲಂತೂ ಗಾಡಿ ಹೊರಡೋ ಕೆಲವು ನಿಮಿಷ ಮುಂಚೆನೇ ಗೇಟ್ ಮುಚ್ಚಿಬಿಡ್ತಾರೆ, ಬ್ಯಾಗ್ ಸ್ಕ್ಯಾನಿಂಗ್ ಬೇರೆ.

ಖರ್ಚಿನ ಲೆಕ್ಕದಲ್ಲಿ ಯಾವುದು ವಾಸಿ?

ಟಿಕೆಟ್ ರೇಟ್ ಮಾತ್ರ ನೋಡ್ಬೇಡಿ, ರಿಕ್ಷಾ ಬಾಡಿಗೆ ಸೇರ್ಸಿ. 2023ರ ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಹೆಂಗಸ್ರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಮನೆ ಹತ್ರನೇ ಹತ್ತಿ ಪೇಟೆ ನಡುವೆನೇ ಇಳೀಬಹುದು. ಅದೇ ರೈಲಿಗೆ ಹೋದ್ರೆ ಎರಡೂ ಕಡೆ ರಿಕ್ಷಾ. ರಾತ್ರಿ ಗಾಡಿಗೆ ಶಿರವಾಡದಲ್ಲಿ ಇಳಿದು ನೋಡಿ, ಇಳಿಯೋರು ಜಾಸ್ತಿ, ರಿಕ್ಷಾ ಕಮ್ಮಿ, "ಪೇಟೆಗಾ, ಕೋಡಿಬಾಗಾ, ಸದಾಶಿವಗಡಾ" ಅಂತ ಕೂಗಿ ಮೂರು ಮನೆಯವರನ್ನ ಒಂದರಲ್ಲೇ ತುಂಬ್ಸಿ, ಬ್ಯಾಗ್ ತೊಡೆ ಮೇಲೆ. ಒಬ್ಬರೇ ಹೋದ್ರೆ ಆ ಬಾಡಿಗೆ ಕೆಲವು ಸಲ ಪ್ಯಾಸೆಂಜರ್ ಟಿಕೆಟಿಗಿಂತ ಮೇಲೆ ಹೋಗತ್ತೆ.

ಹಾಗಾದ್ರೆ ನಾವು ಕೇಳ್ಬೇಕಾಗಿದ್ದು ಏನು?

ಬುಲೆಟ್ ಟ್ರೈನ್ ಕೊಡಿ ಅಂತ ಮನವಿ ಬರೆಯೋಕೆ ಕಾಗದ ದಂಡ. ರೈಲು ಬರೋ ಟೈಮಿಗೆ ಕಾರವಾರ ಬಸ್‌ಸ್ಟ್ಯಾಂಡಿಂದ ಶಿರವಾಡಕ್ಕೆ ಬಸ್ಸು ಕೇಳಿ, ರೈಲು ಲೇಟಾದ್ರೆ ಬಸ್ಸೂ ನಿಲ್ಬೇಕು ಅಂತ ಸೇರ್ಸಿ ಕೇಳಿ, ಅದು ಬರೀದಿದ್ರೆ ಬಸ್ಸು ಖಾಲಿ ಹೋಗಿ ಆರು ತಿಂಗ್ಳಿಗೆ "ಜನ ಇಲ್ಲ" ಅಂತ ರದ್ದಾಗತ್ತೆ. ಗೋಕರ್ಣ ರೋಡ್, ಮುರ್ಡೇಶ್ವರಕ್ಕೂ ಹಂಗೇ. ಕಾರವಾರದಿಂದ ಬೆಳಿಗ್ಗೆ ದಕ್ಷಿಣಕ್ಕೆ ಹೊರಟು ಹತ್ತು ಗಂಟೆ ಒಳಗೆ ಉಡುಪಿ ಮುಟ್ಟೋ, ಸಂಜೆ ವಾಪಸ್ ಬರೋ ಒಂದು ಗಾಡಿ ಕೇಳಿ, ಹೆಸರು ಏನಾದ್ರೂ ಇಡ್ಲಿ, ಸ್ಪೀಡು ಈಗಿನದ್ದೇ ಸಾಕು. ಪ್ಲಾಟ್‌ಫಾರ್ಮ್ ದಾಟೋಕೆ ಲಿಫ್ಟು ಕೇಳಿ. ಮನವಿ ಕೊಡುವಾಗ ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲ್ ಹಾಕ್ಸ್ಕೊಂಡು ಇಟ್ಕೊಳ್ಳಿ.